ಎಚ್‌ಐವಿಗೆ ದಿನಕ್ಕೊಂದು ಮಾತ್ರೆ: ಸೇಫಾಗಿ ತಗೊಳ್ಳೋದು ಹೇಗೆ?

ಎಚ್‌ಐವಿ ಪಾಸಿಟಿವ್ ಅಂತ ರಿಪೋರ್ಟ್ ಬಂದವ್ರಲ್ಲಿ ಬಹಳ ಜನಕ್ಕೆ ಈಗ ಡಾಕ್ಟರು ಬರ್ಕೊಡೋದು ದಿನಕ್ಕೆ ಒಂದೇ ಒಂದು ಮಾತ್ರೆ. ಒಂದೇ ಅಂದ್ರೂ ಅದ್ರೊಳಗಿರೋದು ಮೂರು ಔಷಧಿ: ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50. ಚಿಕ್ಕದಾಗಿ ಟಿಎಲ್‌ಡಿ ಅಂತಾರೆ. 1987ರಲ್ಲಿ ಮೊದಲ ಔಷಧಿ ಜಿಡೊವುಡಿನ್ ಬಂದಾಗ ನಾಲ್ಕು ಗಂಟೆಗೊಂದ್ಸಲ ನುಂಗ್ಬೇಕಿತ್ತು, ರಾತ್ರಿ ಅಲಾರಾಂ ಇಟ್ಕೊಂಡು ಎದ್ದು ತಗೊಳ್ತಿದ್ರು ಜನ, ಅಲ್ಲಿಂದ ಇಲ್ಲಿಗೆ ಬಂದಿರೋದು ನಿಜವಾಗ್ಲೂ ದೊಡ್ಡ ದಾರಿ. ಈಗ ನುಂಗೋದು ಸುಲಭ ಆಗಿರೋದ್ರಿಂದ ಜನ ಎಡವೋದು ಬೇರೆ ಕಡೆ. ಆ ಮಾತ್ರೆ ಜೊತೆಗೆ ಬೇರೆ ಏನೇನು ತಗೊಳ್ತಾರೆ ಅನ್ನೋದ್ರಲ್ಲಿ, ಆಮೇಲೆ ಅದನ್ನ ಡಾಕ್ಟರ್‌ಗೆ ಹೇಳದೇ ಇರೋದ್ರಲ್ಲಿ. ಅದಕ್ಕೇ ಈ ಲೇಖನದಲ್ಲಿ ಆ ಭಾಗಕ್ಕೆ ಜಾಸ್ತಿ ಜಾಗ ಕೊಟ್ಟಿದೀನಿ. ನಿಮಗೆ ಬೇರೆ ಕಾಂಬಿನೇಷನ್ ಕೊಟ್ಟಿದ್ರೆ ಕೆಲವು ರೂಲ್ಸ್ ಬೇರೆ ಇರುತ್ತೆ, ಮೊದ್ಲು ಬಾಟ್ಲಿ ಮೇಲಿನ ಹೆಸರು ನೋಡ್ಕೊಳ್ಳಿ.

ಶುರು ಮಾಡೋ ಮುಂಚೆ

ರಿಪೋರ್ಟ್ ಬಂದ ದಿನಾನೇ ಅಥವಾ ಒಂದು ವಾರದೊಳಗೆ ಮಾತ್ರೆ ಶುರು ಮಾಡೋದು ಈಗಿನ ಪದ್ಧತಿ. ಹಿಂದೆ ಸಿಡಿ4 ಕೌಂಟ್ (ರಕ್ತದಲ್ಲಿ ಸೋಂಕಿನ ವಿರುದ್ಧ ಹೋರಾಡೋ ಒಂಥರ ಬಿಳಿ ರಕ್ತಕಣಗಳ ಲೆಕ್ಕ) ಇಳಿಯೋವರ್ಗೂ ಕಾಯ್ತಿದ್ರು, 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೌಂಟ್ ಎಷ್ಟೇ ಇರ್ಲಿ ಎಲ್ರಿಗೂ ಶುರು ಮಾಡಿ ಅಂತು. ಆದ್ರೆ ಶುರು ಮಾಡೋಕೆ ಮುಂಚೆ ಕೆಲವು ವಿಷಯ ಬಾಯ್ಬಿಟ್ಟು ಹೇಳ್ಲೇಬೇಕು. ಕೆಮ್ಮು, ಜ್ವರ, ರಾತ್ರಿ ಬೆವರೋದು, ತೂಕ ಇಳಿಯೋದು ಇದ್ರೆ ಟಿಬಿ ಟೆಸ್ಟ್ ಆಗ್ಬೇಕು. ತಡೆಯಕ್ಕಾಗದ ತಲೆನೋವು, ಕತ್ತು ಬಿಗಿಯೋದು ಇದ್ರಂತೂ ಅದನ್ನ ಮೊದ್ಲೇ ಹೇಳಿ, ಯಾಕಂದ್ರೆ ಮಿದುಳಿನ ಸುತ್ತ ಇನ್ಫೆಕ್ಷನ್ ಇದ್ರೆ ಎಚ್‌ಐವಿ ಮಾತ್ರೆ ಕೆಲವು ವಾರ ತಡ ಮಾಡಿ ಕೊಡೋದೇ ಸೇಫ್. ಕಿಡ್ನಿಗೆ ಕ್ರಿಯಾಟಿನಿನ್ ಟೆಸ್ಟ್, ಲಿವರ್‌ಗೆ ಹೆಪಟೈಟಿಸ್ ಬಿ ಟೆಸ್ಟ್ ಮಾಡ್ಸಿ. ಹೆಪಟೈಟಿಸ್ ಬಿ ಯಾಕೆ ಅಂದ್ರೆ ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಎರಡೂ ಆ ವೈರಸ್ಸನ್ನೂ ಅದುಮಿ ಇಡುತ್ತೆ, ಗೊತ್ತಿಲ್ದೆ ದಿಢೀರಂತ ನಿಲ್ಲಿಸಿದ್ರೆ ಅದು ಎದ್ದು ಲಿವರ್ ಕೆಡಬಹುದು, ಜೀವಕ್ಕೇ ಬರಬಹುದು. ನಿಮಗೆ ಹೆಪಟೈಟಿಸ್ ಬಿ ಇದ್ಯಾ ಇಲ್ವಾ ಅಂತ ನಿಮಗೇ ಗೊತ್ತಿರ್ಬೇಕು, ಫೈಲಲ್ಲಿ ಇದ್ರೆ ಸಾಲದು.

ಯಾವಾಗ ತಗೋಬೇಕು

ಊಟಕ್ಕೆ ಮುಂಚೆನೋ ಆಮೇಲೋ ಅನ್ನೋ ಚಿಂತೆ ಈ ಮಾತ್ರೆಗಿಲ್ಲ, ಹೇಗಾದ್ರೂ ಸರಿ. ಬೇಕಾಗಿರೋದು ದಿನಾ ಒಂದೇ ಟೈಮು. ಹಲ್ಲುಜ್ಜೋದೋ ರಾತ್ರಿ ಊಟವೋ, ನೀವು ಯಾವತ್ತೂ ಬಿಡದೇ ಇರೋ ಒಂದು ಕೆಲಸಕ್ಕೆ ಅದನ್ನ ಗಂಟು ಹಾಕಿ. ರಾತ್ರಿ ತಗೊಂಡ್ರೆ ನಿದ್ದೆ ಬರ್ತಿಲ್ಲ ಅನ್ನೋರು ಬೆಳಿಗ್ಗೆಗೆ ಬದಲಾಯಿಸ್ಕೊಂಡ್ರೆ ಎಷ್ಟೋ ಸಲ ಸರಿ ಹೋಗುತ್ತೆ (ಹಳೇ ಮಾತ್ರೆ ಎಫಾವಿರೆಂಜ್‌ಗೆ ಇದು ಉಲ್ಟಾ, ಅದನ್ನ ಖಾಲಿ ಹೊಟ್ಟೇಲಿ ಮಲಗೋ ಹೊತ್ತಿಗೆ ತಗೋಬೇಕು, ಇಬ್ರ ಮಾತ್ರೆ ಬೇರೆ ಬೇರೆ ಇದ್ದಾಗ ಒಬ್ರ ಸಲಹೆ ಇನ್ನೊಬ್ರು ಪಾಲಿಸೋಕೆ ಹೋಗ್ಬೇಡಿ).

ಮರೆತ್ರೆ? ನೆನಪಾದ ತಕ್ಷಣ ತಗೊಳ್ಳಿ. ಮುಂದಿನ ಡೋಸ್‌ಗೆ ಇನ್ನು 4 ಗಂಟೆಯೊಳಗೆ ಟೈಮ್ ಇದ್ರೆ ಮಾತ್ರ ಮರೆತಿದ್ದನ್ನ ಬಿಟ್ಟು ಮುಂದಿಂದು ತಗೊಳ್ಳಿ. ಎರಡು ಒಟ್ಟಿಗೆ ಬೇಡವೇ ಬೇಡ. ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿ ಆದ್ರೆ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿ. ಯಾವಾಗ್ಲೋ ಒಂದಿನ ತಪ್ಪಿತು ಅಂತ ಗಾಬರಿ ಆಗ್ಬೇಡಿ, ಆದ್ರೆ ಪದೇ ಪದೇ ತಪ್ಪಿದ್ರೆ ರಕ್ತದಲ್ಲಿ ಔಷಧಿ ಕಮ್ಮಿ ಆಗುತ್ತೆ, ಅಂಥ ಟೈಮಲ್ಲಿ ವೈರಸ್ ಮತ್ತೆ ಹುಟ್ಕೊಳ್ಳೋಕೆ ಶುರು ಮಾಡುತ್ತೆ, ಹುಟ್ಟೋವಾಗ ತಪ್ಪು ನಕಲುಗಳೂ ಆಗುತ್ತೆ, ಅದ್ರಲ್ಲಿ ಔಷಧಿಗೆ ಜಗ್ಗದಂಥದ್ದು ಒಂದು ಉಳ್ಕೊಂಡ್ರೆ ಅದೇ ಬೆಳೆಯುತ್ತೆ. ರೆಸಿಸ್ಟೆನ್ಸ್ ಅಂದ್ರೆ ಇದೇ. ಡೊಲುಟೆಗ್ರಾವಿರ್‌ಗೆ ಇದು ಅಷ್ಟು ಸುಲಭಕ್ಕೆ ಆಗಲ್ಲ ನಿಜ, ಆಗೋದೇ ಇಲ್ಲ ಅಂತ ಅಂದ್ಕೋಬೇಡಿ.

ಜೊತೆಗೆ ಏನು ತಗೊಳ್ತಿದೀರಿ?

ಡಾಕ್ಟರ್ ಬೇರೆ ಯಾವ್ದಾದ್ರೂ ಔಷಧಿ ತಗೊಳ್ತಿದೀರಾ ಅಂತ ಕೇಳಿದ್ರೆ ಬಹಳ ಜನ ಇಲ್ಲ ಅಂತಾರೆ, ಯಾಕಂದ್ರೆ ಗ್ಯಾಸಿನ ಸಿರಪ್ಪು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇವನ್ನೆಲ್ಲ ಔಷಧಿ ಅಂತ ಯಾರೂ ಲೆಕ್ಕ ಹಿಡಿಯಲ್ಲ. ಡೊಲುಟೆಗ್ರಾವಿರ್‌ಗೆ ತೊಂದ್ರೆ ಕೊಡೋದು ಅವೇ. ಅದ್ರಲ್ಲಿರೋ ಅಲ್ಯುಮಿನಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್ ಇವು ಹೊಟ್ಟೇಲೇ ಔಷಧಿಗೆ ಅಂಟ್ಕೊಂಡು ರಕ್ತಕ್ಕೆ ಹೋಗೋಕೆ ಬಿಡಲ್ಲ, ಮಾತ್ರೆ ನುಂಗಿರ್ತೀರಿ ಆದ್ರೆ ನುಂಗಿದ ಲೆಕ್ಕಕ್ಕೆ ಬರಲ್ಲ. ಹಾಗಾಗಿ ಆಸಿಡಿಟಿಗೆ ಕುಡಿಯೋ ಅಲ್ಯುಮಿನಿಯಂ, ಮೆಗ್ನೀಸಿಯಂ ಇರೋ ಸಿರಪ್ಪು ಮಾತ್ರೆಗಳಿದ್ರೆ ಎಚ್‌ಐವಿ ಮಾತ್ರೇನ ಅದಕ್ಕಿಂತ 2 ಗಂಟೆ ಮುಂಚೆ ಇಲ್ಲಾ 6 ಗಂಟೆ ಆದ್ಮೇಲೆ ತಗೊಳ್ಳಿ. ಕ್ಯಾಲ್ಸಿಯಂ ಮತ್ತೆ ಕಬ್ಬಿಣದ ಮಾತ್ರೆಗೂ ಇದೇ ಲೆಕ್ಕ, ಆದ್ರೆ ಇವಕ್ಕೆ ಒಂದು ಸುಲಭದ ದಾರಿ ಇದೆ, ಊಟದ ಜೊತೆ ಆದ್ರೆ ಎರಡನ್ನೂ ಒಟ್ಟಿಗೆ ತಗೋಬಹುದು. ಖಾಲಿ ಹೊಟ್ಟೇಲಿ ಒಟ್ಟಿಗೆ ಬೇಡ. ಗರ್ಭಿಣಿಯರಿಗೆ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಕೊಟ್ಟಿರ್ತಾರಲ್ಲ, ಅವ್ರು ಇದನ್ನ ಮುಖ್ಯವಾಗಿ ನೆನಪಿಟ್ಕೋಬೇಕು.

ಟಿಬಿ ಔಷಧಿ ರಿಫಾಂಪಿಸಿನ್ ಇನ್ನೊಂಥರ ಕೆಲಸ ಮಾಡುತ್ತೆ. ಅದು ಡೊಲುಟೆಗ್ರಾವಿರ್‌ನ ದೇಹದಿಂದ ಬೇಗ ಬೇಗ ಕರಗಿಸಿ ಹೊರಗೆ ಹಾಕುತ್ತೆ, ಅದಕ್ಕೆ ಡೊಲುಟೆಗ್ರಾವಿರ್ 50 ಮಿಲಿಗ್ರಾಂದು ಇನ್ನೊಂದು ಮಾತ್ರೆ 12 ಗಂಟೆ ಬಿಟ್ಟು ಕೊಡ್ತಾರೆ, ಟಿಬಿ ಕೋರ್ಸ್ ಮುಗಿದ್ಮೇಲೂ ಎರಡು ವಾರ ಹಾಗೇ ಮುಂದುವರಿಸ್ತಾರೆ. ಟಿಬಿಗೆ ಒಂದು ಕಡೆ ಎಚ್‌ಐವಿಗೆ ಇನ್ನೊಂದು ಕಡೆ ತೋರಿಸ್ತಿದ್ರೆ ದಯವಿಟ್ಟು ಎರಡು ಕಡೆಯೂ ಹೇಳಿ, ಅವ್ರಿಗೆ ತಾನಾಗೇ ಗೊತ್ತಾಗುತ್ತೆ ಅಂತ ಸುಮ್ನಿರ್ಬೇಡಿ. ಫಿಟ್ಸ್‌ಗೆ ಕೊಡೋ ಕಾರ್ಬಮಾಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟಾಲ್ ಇವೂ ಹಾಗೇ ಡೊಲುಟೆಗ್ರಾವಿರ್ ಕಮ್ಮಿ ಮಾಡುತ್ತೆ, ಬೇಸರ ಖಿನ್ನತೆಗೆ ಅಂತ ಮಾರೋ ಸೇಂಟ್ ಜಾನ್ಸ್ ವರ್ಟ್ ಅನ್ನೋ ಗಿಡಮೂಲಿಕೆನೂ ಅಷ್ಟೇ.

ಶುಗರ್ ಇರೋರ ಕಥೆ ಉಲ್ಟಾ, ಇಲ್ಲಿ ಡೊಲುಟೆಗ್ರಾವಿರ್‌ನಿಂದಾಗಿ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ರಕ್ತದಲ್ಲಿ ಏರುತ್ತೆ, ಅದಕ್ಕೆ ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟಿಸಲ್ಲ. ನೀವೇ ಡೋಸ್ ಇಳಿಸೋಕೆ ಹೋಗ್ಬೇಡಿ, ಶುಗರ್ ಡಾಕ್ಟರ್‌ಗೆ ಡೊಲುಟೆಗ್ರಾವಿರ್ ತಗೊಳ್ತಿದೀನಿ ಅಂತ ಹೇಳಿ. ಹೃದಯ ಬಡಿತ ಸರಿಮಾಡೋಕೆ ಕೊಡೋ ಡೊಫೆಟಿಲೈಡ್ ಮಾತ್ರ ಇದ್ರ ಜೊತೆ ಪೂರ್ತಿ ನಿಷೇಧ. ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಇಂಥವನ್ನ ದಿನಗಟ್ಲೆ ತಗೊಂಡ್ರೆ ಟೆನೊಫೊವಿರ್ ಜೊತೆ ಸೇರಿ ಕಿಡ್ನಿಗೆ ಹೊಡೆತ ಬೀಳಬಹುದು, ಆ ಅಭ್ಯಾಸ ಇದ್ರೆ ಅದನ್ನೂ ಹೇಳಿ.

ನನ್ನ ಸಲಹೆ ಕೇಳಿದ್ರೆ, ಮನೇಲಿರೋ ಎಲ್ಲಾ ಡಬ್ಬಿ, ಸ್ಟ್ರಿಪ್, ಪುಡಿ, ಕಷಾಯದ ಬಾಟ್ಲಿ ಒಂದು ಚೀಲಕ್ಕೆ ಹಾಕ್ಕೊಂಡು ಕ್ಲಿನಿಕ್‌ಗೆ ಹೋಗಿ. ಹೆಸರು ನೆನಪಿಟ್ಕೊಂಡು ಹೇಳೋದಕ್ಕಿಂತ ಇದು ಎಷ್ಟೋ ವಾಸಿ.

ಮೈಗೆ ಏನಾಗುತ್ತೆ

ಮೊದಲ ಕೆಲವು ವಾರ ತಲೆನೋವು, ವಾಕರಿಕೆ, ನಿದ್ದೆ ಕೆಡೋದು ಇರಬಹುದು, ಜಾಸ್ತಿ ಜನಕ್ಕೆ ತಾನಾಗೇ ಕಮ್ಮಿ ಆಗುತ್ತೆ. ಕೆಲವರಿಗೆ ತೂಕ ಏರುತ್ತೆ, ಅದನ್ನ ಸೀರಿಯಸ್ಸಾಗಿ ತಗೊಳ್ಳಿ, ಶುಗರ್ ಕೂಡ ನೋಡಿಸ್ತಿರಿ. ಮನಸ್ಸು ತುಂಬಾ ಕುಗ್ಗಿದ್ರೆ, ಬದುಕೋದೇ ಬೇಡ ಅನ್ಸಿದ್ರೆ ಅದು ಮಾತ್ರೆಯಿಂದಲೂ ಇರಬಹುದು, ರೋಗದ ಭಾರದಿಂದಲೂ ಇರಬಹುದು, ಎರಡರಲ್ಲಿ ಯಾವ್ದಾದ್ರೂ ಸರಿ ಅವತ್ತೇ ಹೇಳಿ, ಮುಂದಿನ ತಿಂಗಳ ವಿಸಿಟ್‌ವರ್ಗೂ ಇಟ್ಕೋಬೇಡಿ. ಮೈಮೇಲೆ ಗಂದೆ ಎದ್ದು ಜೊತೆಗೆ ಜ್ವರ, ಬಾಯಲ್ಲಿ ಹುಣ್ಣು, ಗುಳ್ಳೆ, ಮುಖ ಊದೋದು, ಕಣ್ಣು ಹಳದಿ ಆಗೋದು, ಇಂಥದ್ದು ಕಂಡ್ರೆ ಎಮರ್ಜೆನ್ಸಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನೊಂದು, ಕೌಂಟ್ ತುಂಬಾ ಕಮ್ಮಿ ಇದ್ದವ್ರಿಗೆ ಮಾತ್ರೆ ಶುರು ಮಾಡಿದ ಮೇಲೆ ಜ್ವರ ಬರೋದು, ಗಂಟು ಊದೋದು ಆಗಬಹುದು. ಮಾತ್ರೆ ಆಗ್ತಿಲ್ಲ ಅಂತ ಎಷ್ಟೋ ಜನ ಅಲ್ಲಿಗೇ ನಿಲ್ಲಿಸಿಬಿಡ್ತಾರೆ. ಸಾಮಾನ್ಯವಾಗಿ ಅಲ್ಲಿ ಆಗ್ತಿರೋದು ಏನಂದ್ರೆ, ರೋಗನಿರೋಧಕ ಶಕ್ತಿ ಚೇತರಿಸ್ಕೊಂಡು ಒಳಗೆ ಅಡಗಿದ್ದ ಟಿಬಿಯಂಥ ಸೋಂಕಿನ ಮೇಲೆ ಬೀಳ್ತಿರುತ್ತೆ. ನಿಲ್ಲಿಸ್ಬೇಡಿ, ಹೋಗಿ ತೋರಿಸಿ.

ಕ್ರಿಯಾಟಿನಿನ್ ಬಗ್ಗೆಯೂ ಹೇಳ್ಬೇಕು. ಡೊಲುಟೆಗ್ರಾವಿರ್ ಶುರುವಾದ ಮೊದಲ ವಾರಗಳಲ್ಲಿ ಅದು ಸ್ವಲ್ಪ ಏರಿ ಅಲ್ಲೇ ನಿಲ್ಲುತ್ತೆ, ಕಿಡ್ನಿಯಿಂದ ಅದು ಹೊರಗೆ ಹೋಗೋ ದಾರೀನ ಔಷಧಿ ಕೊಂಚ ತಡೆಯುತ್ತೆ ಅಷ್ಟೇ, ಕಿಡ್ನಿ ಕೆಟ್ಟಿರಲ್ಲ. ಆದ್ರೆ ಟೆನೊಫೊವಿರ್‌ನಿಂದ ನಿಜವಾಗ್ಲೂ ಕಿಡ್ನಿಗೆ ತೊಂದ್ರೆ ಆಗೋದುಂಟು, ಯಾವ್ದು ಯಾವ್ದು ಅಂತ ಡಾಕ್ಟರೇ ಹೇಳ್ಬೇಕು, ಟೆಸ್ಟ್ ತಪ್ಪಿಸ್ಬೇಡಿ.

ಕೆಲಸ ಮಾಡ್ತಿದ್ಯಾ ಅಂತ ಗೊತ್ತಾಗೋದು

ಮೈ ಹುಷಾರಾಗಿದೆ ಅನ್ನೋದು ಅಳತೆ ಅಲ್ಲ, ವೈರಲ್ ಲೋಡ್, ಅಂದ್ರೆ ರಕ್ತದಲ್ಲಿ ಎಷ್ಟು ವೈರಸ್ ಇದೆ ಅನ್ನೋ ಟೆಸ್ಟೇ ಅಳತೆ. ಮಾತ್ರೆ ಶುರುವಾಗಿ 6 ತಿಂಗಳಾದಾಗ ಒಂದ್ಸಲ, 12 ತಿಂಗಳಾದಾಗ ಒಂದ್ಸಲ, ಆಮೇಲೆ ವರ್ಷಕ್ಕೊಂದು ಸಲ ಮಾಡ್ಸಿ. ಟೆಸ್ಟಿಗೆ ಸಿಗದಷ್ಟು ವೈರಸ್ ಇಳಿದು ಹಾಗೇ ಉಳಿದ್ರೆ ಸೆಕ್ಸ್ ಮೂಲಕ ಸಂಗಾತಿಗೆ ಹರಡಲ್ಲ. ಇದು ಸಮಾಧಾನಕ್ಕೆ ಹೇಳೋ ಮಾತಲ್ಲ. 2019ರಲ್ಲಿ ಬಂದ ಪಾರ್ಟ್ನರ್-2 ಅಧ್ಯಯನದಲ್ಲಿ ಒಬ್ರಿಗೆ ಎಚ್‌ಐವಿ ಇದ್ದು ಇನ್ನೊಬ್ರಿಗೆ ಇಲ್ಲದ 782 ಗಂಡಸರ ಜೋಡಿಗಳನ್ನ ನೋಡಿದ್ರು, ಕಾಂಡೋಮ್ ಇಲ್ದೆ ಸುಮಾರು 76,000 ಸಲ ಸೇರಿದ್ರೂ ಸಂಗಾತಿಯಿಂದ ಸಂಗಾತಿಗೆ ಹರಡಿದ್ದು ಸೊನ್ನೆ. ಸೂಜಿ ಹಂಚ್ಕೊಳ್ಳೋಕೆ ಇದು ಅನ್ವಯಿಸಲ್ಲ, ಎದೆಹಾಲಿನ ವಿಷಯ ಡಾಕ್ಟರ್ ಹತ್ರ ಬೇರೆಯಾಗೇ ಮಾತಾಡ್ಬೇಕು.

ಗರ್ಭಿಣಿ ಆದ್ರೆ ಮಾತ್ರೆ ನಿಲ್ಲಿಸೋದು ತಪ್ಪು. 2018ರಲ್ಲಿ ಬೋಟ್ಸ್‌ವಾನಾದಿಂದ ಡೊಲುಟೆಗ್ರಾವಿರ್‌ನಿಂದ ಮಗುವಿನ ಬೆನ್ನುಹುರಿಗೆ ತೊಂದ್ರೆ ಇರಬಹುದು ಅಂತ ಒಂದು ವರದಿ ಬಂದಿತ್ತು, ಆಮೇಲೆ ಅಲ್ಲೇ ಇನ್ನೂ ಜಾಸ್ತಿ ಹೆರಿಗೆಗಳನ್ನ ನೋಡಿದಾಗ ಆ ಭಯಕ್ಕೆ ಆಧಾರ ಉಳೀಲಿಲ್ಲ, 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ರಿಗೂ ಇದನ್ನೇ ಮೊದಲ ಆಯ್ಕೆ ಅಂತು. ಆ ಹಳೇ ಸುದ್ದಿ ಈಗ್ಲೂ ಯಾರಾದ್ರೂ ಫಾರ್ವರ್ಡ್ ಮಾಡಿದ್ರೆ ನಂಬ್ಬೇಡಿ. ವೈರಸ್ ಅದುಮಿ ಇಡೋದೇ ಮಗುಗೆ ರಕ್ಷಣೆ.

ಸ್ಟಾಕು, ಪ್ರಯಾಣ, ಅಡ್ಮಿಟ್ ಆದಾಗ

ಮಾತ್ರೆ ಅದರದೇ ಬಾಟ್ಲೀಲಿ ಇರ್ಲಿ, ತೇವ ಹೀರೋ ಸಣ್ಣ ಪೊಟ್ಟಣ ಎಸೀಬೇಡಿ, ಬಿಸಿಲು ಬೀಳೋ ಕಡೆ ಇಡಬೇಡಿ. ಪೂರ್ತಿ ಖಾಲಿ ಆಗೋವರ್ಗೂ ಕಾಯದೇ ಒಂದು ವಾರ ಮುಂಚೆನೇ ಮುಂದಿನ ಬಾಟ್ಲಿ ತಗೊಳ್ಳಿ, ಊರಿಗೆ ಹೋಗೋವಾಗ ಲಗೇಜಲ್ಲಿ ಹಾಕದೇ ಕೈಚೀಲದಲ್ಲಿ ಇಟ್ಕೊಳ್ಳಿ. ಬಾಟ್ಲಿ ಲೇಬಲ್ಲಿನ ಫೋಟೋ ಫೋನಲ್ಲಿ ಇರ್ಲಿ. ಬೇರೆ ಯಾವ್ದೋ ಕಾಯಿಲೆಗೆ ಆಸ್ಪತ್ರೆಗೆ ಸೇರಿದ್ರೆ ಹೊಸ ಡಾಕ್ಟರ್‌ಗೂ ನರ್ಸ್‌ಗೂ ಆ ಫೋಟೋ ತೋರಿಸಿ, ಅಲ್ಲಿ ಇದ್ದಷ್ಟು ದಿನವೂ ಮಾತ್ರೆ ತಪ್ಪಬಾರ್ದು ಅಂತ ಕೇಳ್ಕೊಳ್ಳಿ, ಹೇಳೋಕೆ ಮುಜುಗರ ಆದ್ರೆ ನಿಮ್ಮ ಪರಿಸ್ಥಿತಿ ಗೊತ್ತಿರೋ ಒಬ್ರಿಗೆ ಈ ಕೆಲಸ ಮೊದ್ಲೇ ಒಪ್ಪಿಸಿರಿ.