ಬಿಜಿಎಂಐ ಟೂರ್ನಿ: ಬಹುಮಾನದ ದುಡ್ಡಿಗೆ ನಮ್ಮ ತಂಡ ಆಡುವ ರೀತಿ

ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಅಂದರೆ ನಾಲ್ವರ ತಂಡಗಳು ಕೊನೆಯವರೆಗೆ ಬದುಕುಳಿಯಲು ಹೋರಾಡುವ ಮೊಬೈಲ್ ಗುಂಡಿನ ಆಟ. ಅದರ ಟೂರ್ನಿಗೆ ಹೆಸರು ಕೊಡುವ ಮೊದಲು ನಾವು ನೋಡುವುದು ಬಹುಮಾನದ ದುಡ್ಡು ಯಾರ ಜೇಬಿನದು ಅಂತ. 16 ತಂಡಗಳಿಂದ ತಲಾ 200 ರೂಪಾಯಿ ಕಟ್ಟಿಸಿಕೊಂಡು, ಆ 3,200ರಲ್ಲಿ ತಮ್ಮ ಪಾಲು ತೆಗೆದು ಉಳಿದದ್ದನ್ನು ಗೆದ್ದವರಿಗೆ ಹಂಚುವ ಪೇಯ್ಡ್ ರೂಮ್‌ಗಳ ಸಹವಾಸ ಬೇಡವೇ ಬೇಡ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟ ಕೌಶಲದ್ದೇ ಆಗಿದ್ದರೂ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಅದನ್ನು ನಿಷೇಧಿಸಿದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಇ-ಸ್ಪೋರ್ಟ್ಸ್‌ಗೆ ಕಾಯ್ದೆಯಲ್ಲಿ ಬೇರೆ ಜಾಗವಿದೆ, ಆದರೆ ಅದಕ್ಕೆ ಮಾನ್ಯತೆ, ನೋಂದಣಿ ಬೇಕು. ಪ್ರವೇಶ ಉಚಿತವಾಗಿದ್ದು, ಬಹುಮಾನವನ್ನು ಪ್ರಾಯೋಜಕರೋ ಆಟದ ಕಂಪನಿ ಕ್ರಾಫ್ಟನ್ನೋ ಕೊಡುವ ಟೂರ್ನಿಗಳನ್ನೇ ನಾವು ಆಡುತ್ತೇವೆ. 2021ರಲ್ಲಿ ಶುರುವಾದ ಕ್ರಾಫ್ಟನ್‌ನ ಮೊದಲ ಬಿಜಿಐಎಸ್ ಟೂರ್ನಿಯ ಬಹುಮಾನವೇ 1 ಕೋಟಿ ರೂಪಾಯಿ ಇತ್ತು.

ಇನ್ನು ಪಾಯಿಂಟ್ ಲೆಕ್ಕ. ಹೊಸ ತಂಡಗಳು ಎಡವುವುದು ಇಲ್ಲೇ. ಈಗ ಚಾಲ್ತಿಯಲ್ಲಿರುವ ಪದ್ಧತಿಯಲ್ಲಿ ಮೊದಲ ಸ್ಥಾನಕ್ಕೆ 10, ಆಮೇಲೆ 6, 5, 4, 3, 2, ಏಳು ಮತ್ತು ಎಂಟನೇ ಸ್ಥಾನಕ್ಕೆ ತಲಾ 1, ಉಳಿದವರಿಗೆ ಸೊನ್ನೆ. ಪ್ರತಿ ಫಿನಿಶ್‌ಗೆ, ಅಂದರೆ ಎದುರಾಳಿಯೊಬ್ಬನನ್ನು ಹೊರಹಾಕಿದ್ದಕ್ಕೆ, 1. ಆರು ಮ್ಯಾಚ್‌ಗಳ ಪೈಕಿ ಒಂದರಲ್ಲಿ 8 ಫಿನಿಶ್ ಜತೆ ಚಿಕನ್ ಡಿನ್ನರ್ (ಮೊದಲ ಸ್ಥಾನ) ಹೊಡೆದು, ಉಳಿದ ಐದರಲ್ಲಿ 2 ಫಿನಿಶ್‌ಗೇ ಬೇಗ ಹೊರಬಿದ್ದ ತಂಡಕ್ಕೆ ಸಿಗುವುದು 28. ಆರೂ ಮ್ಯಾಚ್‌ನಲ್ಲಿ ನಾಲ್ಕನೇ ಸ್ಥಾನ, 4 ಫಿನಿಶ್ ತೆಗೆದ ತಂಡಕ್ಕೆ 48. ಡಿನ್ನರ್ ಹೊಡೆದ ತಂಡದ ಕ್ಲಿಪ್ ಎಲ್ಲ ಕಡೆ ಓಡಾಡುತ್ತದೆ, ಬಹುಮಾನ ಮಾತ್ರ 48 ಗಳಿಸಿದವರ ಪಾಲಿಗೆ.

ಅದಕ್ಕೇ ಆಟದ ಎರಾಂಗೆಲ್ ಮ್ಯಾಪ್‌ನಲ್ಲಿ ನಮ್ಮ ಡ್ರಾಪ್ (ಇಳಿಯುವ ಜಾಗ) ಬದಲಾಗುವುದಿಲ್ಲ. ಅದೇ ಜಾಗಕ್ಕೆ ಇನ್ನೊಂದು ತಂಡ ಇಳಿಯುತ್ತದೆಯೇ ಎಂಬುದನ್ನು ಸ್ಕ್ರಿಮ್ಸ್‌ನಲ್ಲೇ (ಅಭ್ಯಾಸ ಪಂದ್ಯಗಳಲ್ಲೇ) ತಿಳಿದುಕೊಳ್ಳುತ್ತೇವೆ. ಪೊಚಿಂಕಿಯಂಥ ನಡುಮಧ್ಯದ ಊರಾದರೆ ಝೋನ್ (ಕಿರಿದಾಗುತ್ತ ಹೋಗುವ ಸುರಕ್ಷಿತ ವಲಯ) ಎತ್ತ ಹೋದರೂ ಹತ್ತಿರ, ಆದರೆ ಸುತ್ತಲಿನ ತಂಡಗಳೆಲ್ಲ ಅದರ ಮೇಲೇ ಹಾದುಹೋಗುತ್ತವೆ. ನಾಲ್ವರಿಗೂ ಒಂದೊಂದು ಗಾಡಿ ಇರಲೇಬೇಕು. ಕೊನೆಯ ಝೋನ್‌ಗಳಲ್ಲಿ ಬಯಲು ಸಿಕ್ಕಿದರೆ ಆ ಗಾಡಿಗಳೇ ಗೋಡೆ. ಸ್ಮೋಕ್ (ಮರೆಗೆ ಎಸೆಯುವ ಹೊಗೆ ಬಾಂಬ್) ತಲೆಗೆ ಐದಾದರೂ ಇಟ್ಟುಕೊಳ್ಳುತ್ತೇವೆ. ಬ್ಯಾಗ್ ತುಂಬಿದರೆ ಹೆಚ್ಚಿನ ಗುಂಡು ಬಿಸಾಡುತ್ತೇವೆ, ಸ್ಮೋಕ್ ಮುಟ್ಟುವುದಿಲ್ಲ. ಕಾಲ್ ಕೊಡುವುದು, ಅಂದರೆ ಏನು ಮಾಡಬೇಕೆಂದು ಹೇಳುವುದು, ಐಜಿಎಲ್ (ಆಟದೊಳಗಿನ ನಾಯಕ) ಒಬ್ಬನೇ. ಗುಂಡಿನ ಸದ್ದಿನ ನಡುವೆ ನಾಲ್ಕು ಬಾಯಿ ಒಟ್ಟಿಗೆ ತೆರೆದರೆ ಯಾರಿಗೂ ಏನೂ ಕೇಳಿಸುವುದಿಲ್ಲ.

ಫೋನ್ ಬಿಸಿಯಾದರೆ ಎಫ್‌ಪಿಎಸ್ (ಸೆಕೆಂಡಿಗೆ ತೋರುವ ಫ್ರೇಮ್‌ಗಳು) ಬೀಳುತ್ತದೆ, ಬ್ರೈಟ್‌ನೆಸ್ ತಾನಾಗಿ ಇಳಿಯುತ್ತದೆ. ಕವರ್ ತೆಗೆದು, ಫ್ಯಾನ್ ಎದುರು ಕೂತು, ಚಾರ್ಜಿಂಗ್ ಅನ್ನು ಮ್ಯಾಚ್‌ಗಳ ನಡುವೆ ಮಾತ್ರ ಮಾಡಬೇಕು. ವೈಫೈ 5 ಗಿಗಾಹರ್ಟ್ಜ್‌ನಲ್ಲಿರಲಿ, ರೌಟರ್‌ಗೆ ಚಿಕ್ಕ ಯುಪಿಎಸ್ ಹಾಕಿ, ಬೇರೆ ಕಂಪನಿಯ ಸಿಮ್‌ನಲ್ಲಿ ಡೇಟಾ ಸಿದ್ಧವಿರಲಿ. ಗೇಮ್ ಕ್ರ್ಯಾಶ್ ಆದರೆ ತಕ್ಷಣ ಮತ್ತೆ ತೆರೆಯಿರಿ, ನಿಮ್ಮ ಪ್ಲೇಯರ್ ಬದುಕಿದ್ದರೆ ಅದೇ ಮ್ಯಾಚ್‌ಗೆ ವಾಪಸ್ ಸೇರಬಹುದು. ಡೂ ನಾಟ್ ಡಿಸ್ಟರ್ಬ್ ಹಾಕುವುದನ್ನು ಮರೆಯಬೇಡಿ. ಫೈಟ್ ನಡುವೆ ಫೋನ್ ಬಂದರೆ ಮುಗಿಯಿತು.

ಗೆದ್ದ ತಂಡದ ಮೇಲೆ ಹ್ಯಾಕ್ ಅನುಮಾನ ಬಂದರೆ ಆಯೋಜಕರು ಪಿಒವಿ (ಆಟಗಾರನ ಸ್ವಂತ ಸ್ಕ್ರೀನ್‌ನ ರೆಕಾರ್ಡಿಂಗ್) ಕೇಳುತ್ತಾರೆ. ವಿಡಿಯೊ ಇಲ್ಲದಿದ್ದರೆ ಬಹುಮಾನವೂ ಇಲ್ಲ ಎಂದು ಹಲವು ಟೂರ್ನಿಗಳ ನಿಯಮದಲ್ಲೇ ಬರೆದಿರುತ್ತದೆ. 8 ಎಂಬಿಪಿಎಸ್‌ನಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 3.6 ಜಿಬಿ. ಆರು ಮ್ಯಾಚ್‌ಗೆ ಮೂರು ಗಂಟೆ ಹಿಡಿದರೂ 11 ಜಿಬಿ ಖಾಲಿ ಇರಬೇಕು. ಜಾಗ ತುಂಬಿದರೆ ರೆಕಾರ್ಡರ್ ನಡುವೆಯೇ ನಿಂತುಬಿಡುತ್ತದೆ, ಹಾಗಾಗಿ ಪ್ರತಿ ಮ್ಯಾಚ್ ಮುಗಿದ ಮೇಲೆ ಫೈಲ್ ತೆರೆದು ನೋಡುವುದು ನಮ್ಮ ರೂಢಿ. ನೋಂದಾಯಿಸಿದ ಕ್ಯಾರೆಕ್ಟರ್ ಐಡಿಯಲ್ಲೇ ಆಡಬೇಕು. ಗೆಳೆಯನ ಐಡಿಯಿಂದ ಒಂದೇ ಮ್ಯಾಚ್ ಆಡಿದರೂ ಇಡೀ ತಂಡ ಡಿಸ್‌ಕ್ವಾಲಿಫೈ ಆಗಬಹುದು.

ಹಂಚಿಕೆಯನ್ನು ಟೂರ್ನಿಗೆ ಮೊದಲೇ ಗುಂಪಿನಲ್ಲಿ ಬರೆದು ಎಲ್ಲರಿಂದ ಒಪ್ಪಿಗೆ ಪಡೆಯಿರಿ, ಐದನೆಯವನ (ಬದಲಿ ಆಟಗಾರನ) ಪಾಲು ಎಷ್ಟು ಎಂಬುದೂ ಅದರಲ್ಲಿರಲಿ. 1 ಲಕ್ಷ ಗೆದ್ದು 30% ಟಿಡಿಎಸ್ ಕಡಿತವಾದರೆ ಕೈಗೆ ಬರುವುದು 70,000, ನಾಲ್ವರಿಗೆ ತಲಾ 17,500. ಇಡೀ ಮೊತ್ತ ಕ್ಯಾಪ್ಟನ್ ಖಾತೆಗೆ ಬಂದರೆ ಆದಾಯವೂ ಟಿಡಿಎಸ್ಸೂ ಅವನೊಬ್ಬನ ಪ್ಯಾನ್‌ನಲ್ಲೇ ಕಾಣುತ್ತದೆ. ಆದ್ದರಿಂದ ನೋಂದಣಿಯ ಹೊತ್ತಿನಲ್ಲೇ ಪ್ರತಿಯೊಬ್ಬರ ಖಾತೆಗೆ ಬೇರೆಬೇರೆ ಹಾಕಲು ಕೇಳಿಕೊಳ್ಳಿ. ಕಡಿತವಾದದ್ದು ತೆರಿಗೆ ಇಲಾಖೆಯ ನಿಮ್ಮ ತೆರಿಗೆ ಕಡಿತದ ಪಟ್ಟಿಯಲ್ಲಿ (26ಎಎಸ್) ಬಂದಿದೆಯೇ ಎಂದು ನೋಡಿಕೊಂಡೇ ರಿಟರ್ನ್ ಸಲ್ಲಿಸಿ.