ಆಸ್ಪಿರಿನ್ 135ಕ್ಕೇ ಕರಗಿತು, ಅದೂ ಹಳೇ ಥೀಲ್ ಟ್ಯೂಬಿನಲ್ಲಿ

ನಮ್ಮ ಬಿ.ಎಸ್‌ಸಿ. ಲ್ಯಾಬಿನಲ್ಲಿ ಮಕ್ಕಳು ಮಾಡಿದ ಆಸ್ಪಿರಿನ್ ಯಾವತ್ತೂ 128 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಕರಗುತ್ತಿತ್ತು. ಪುಸ್ತಕದಲ್ಲಿ 135. "ಸರಿಯಾಗಿ ರೀಕ್ರಿಸ್ಟಲೈಸ್ ಆಗಿಲ್ಲ, ಇನ್ನೊಂದ್ಸಲ ಮಾಡಿಸಿ" ಅನ್ನುವುದು ಎಲ್ಲರ ತೀರ್ಪು, ಅಂದರೆ ಮತ್ತೆ ಹರಳುಗಟ್ಟಿಸಿ ಶುದ್ಧ ಮಾಡಿದ್ದು ಸಾಲದು ಅಂತ. ಮಾಡಿಸಿದರೂ ಅಷ್ಟೇ. ಆದರೆ ಫೆರಿಕ್ ಕ್ಲೋರೈಡ್ ಹಾಕಿದರೆ ನೇರಳೆ ಬಣ್ಣದ ಸುಳಿವೇ ಇಲ್ಲ. ಆ ಬಣ್ಣ ಬಂದರೆ ಆಸ್ಪಿರಿನ್ ಮಾಡಲು ಬಳಸಿದ ಸ್ಯಾಲಿಸಿಲಿಕ್ ಆಸಿಡ್ ಉಳಿದಿದೆ ಅಂತ ಅರ್ಥ. ಅದು ಉಳಿದಿಲ್ಲ ಅಂದಮೇಲೆ ತಪ್ಪು ಮಾಲಿನದ್ದಲ್ಲ, ಬಿಸಿ ಮಾಡುವ ರೀತಿಯದ್ದು ಅಂತ ನಾನು ಹಟ ಹಿಡಿದೆ.

"ಕರಗುವ ಬಿಂದು ಅಳೆಯುವ ಡಿಜಿಟಲ್ ಮಷೀನ್ ತರಿಸೋಣ ಸಾರ್" ಅಂದರು ಜೊತೆಯವರು. ಕೊಟೇಶನ್ ಬಂತು, ಮೂವತ್ತು ಸಾವಿರದ ಮೇಲೆ. ಪ್ರಿನ್ಸಿಪಾಲರು ಕಾಗದ ನೋಡಿ ಪಕ್ಕಕ್ಕಿಟ್ಟರು. ಎಣ್ಣೆ ತುಂಬಿ ಪಕ್ಕದ ಹಿಡಿಯಂಥ ಕವಲನ್ನು ಕಾಯಿಸುವ ಗಾಜಿನ ನಳಿಗೆ, ಆ ಹಳೇ ಥೀಲ್ ಟ್ಯೂಬೇ ಗತಿ.

ಮೊದಲು ಥರ್ಮಾಮೀಟರನ್ನೇ ಪರೀಕ್ಷೆಗೆ ಹಾಕಿದೆ. ಬೆಂಜೋಯಿಕ್ ಆಸಿಡ್ 122ಕ್ಕೆ ಕರಗಬೇಕು. ನಮ್ಮದು 120 ತೋರಿಸಿತು. 114ರ ಅಸೆಟನಿಲೈಡ್‌ಗೂ ಹತ್ತತ್ರ ಅಷ್ಟೇ ಕಮ್ಮಿ. ಎರಡು ಡಿಗ್ರಿಯ ಲೆಕ್ಕ ಸಿಕ್ಕಿತು. ಉಳಿದ ಐದು?

ಅದಕ್ಕೆ ಕೈ ಹಾಕಿದಾಗ ಕಾಟಗಳೆಲ್ಲ ಒಟ್ಟಿಗೇ ಬಂದವು. ಟ್ಯೂಬಿನೊಳಗಿನ ಪ್ಯಾರಾಫಿನ್ ಎಣ್ಣೆ ಹಳೆಯದು, ಕಂದು ತಿರುಗಿತ್ತು, ಪುಡಿ ತುಂಬಿದ ಸಪೂರ ಗಾಜಿನ ಕೊಳವೆ, ಅಂದರೆ ಕ್ಯಾಪಿಲರಿಯೇ ಕಾಣದು. ಹೊಸದಕ್ಕೆ ನಾನೂರು ಚಿಲ್ಲರೆ ಹೋಯಿತು. ಕ್ಯಾಪಿಲರಿಯನ್ನು ಥರ್ಮಾಮೀಟರಿಗೆ ಕಟ್ಟಿದ್ದ ರಬ್ಬರ್ ಬ್ಯಾಂಡ್ ಎಣ್ಣೆಗೆ ತಾಗಿ ಉಬ್ಬಿ ಜಾರಿತು, ಕ್ಯಾಪಿಲರಿ ತಳ ಸೇರಿತು. ತೊಳೆದ ಟ್ಯೂಬಿನಲ್ಲಿ ಒಂದು ಹನಿ ನೀರು ಉಳಿದಿತ್ತು. ನೂರು ದಾಟುತ್ತಿದ್ದಂತೆ ಚಟಪಟ ಸಿಡಿದು ಮೇಜಿನ ತುಂಬಾ ಎಣ್ಣೆ. ಅಟೆಂಡರ್ ಆ ದಿನ ನನ್ನ ಜೊತೆ ಮಾತಾಡಲಿಲ್ಲ.

ಕೊನೆಗೆ ಗಂಟು ಬಿಚ್ಚಿದ್ದು ಹೀಗೆ. ಕರಗುವ ಬಿಂದು ನೋಡುವಾಗ ನಿಧಾನ ಕಾಯಿಸಿ ಅಂತ ಮಕ್ಕಳಿಗೆ ಬಡಿದು ಬಡಿದು ಹೇಳುತ್ತೇವೆ, ಅಲ್ವಾ? ಆಸ್ಪಿರಿನ್‌ಗೆ ಅದೇ ಮುಳುವು. ತಣ್ಣಗಿನ ಎಣ್ಣೆಯಲ್ಲಿಟ್ಟು ಮೆಲ್ಲಗೆ ಏರಿಸಿದರೆ ಕರಗುವ ಮೊದಲೇ ಅದರ ಅಣುಗಳು ಒಡೆಯಲು ಶುರು. ಒಡೆದದ್ದೇ ಕಲಬೆರಕೆಯಾಗಿ ಬಿಂದುವನ್ನು ಕೆಳಗೆ ಎಳೆಯುತ್ತದೆ. ಹಾಗಾಗಿ ಬರೀ ಎಣ್ಣೆಯನ್ನು 125ರವರೆಗೆ ಕಾಯಿಸಿ, ಆಮೇಲೆ ಕ್ಯಾಪಿಲರಿ ಇಳಿಸಿದೆ. ಅಲ್ಲಿಂದ ನಿಮಿಷಕ್ಕೆ ಮೂರು ಡಿಗ್ರಿ ಇರಬಹುದು. ಪುಡಿ ಮೊದಲು ಗೋಡೆ ಬಿಟ್ಟು ಕುಗ್ಗಿತು, ಅಂಚಿನಲ್ಲಿ ಒದ್ದೆ ಹೊಳಪು ಬಂತು, ನೋಡನೋಡುತ್ತಾ ತಿಳಿಯಾಯಿತು. ಥರ್ಮಾಮೀಟರಿನ ಆ ಎರಡು ಡಿಗ್ರಿ ಸೇರಿಸಿದರೆ 134-135! ತಲೆ ಅಲ್ಲಾಡಿಸಿದವರನ್ನೇ ಕರೆದು ಮತ್ತೆ ಮಾಡಿ ತೋರಿಸಿದೆ.

ಸ್ಯಾಂಪಲ್ ಪೂರ್ತಿ ಒಣಗಿರಬೇಕು, ತಳದಲ್ಲಿ ಎರಡು-ಮೂರು ಮಿಲಿಮೀಟರ್ ಇದ್ದರೆ ಸಾಕು. ಅದನ್ನು ಗಟ್ಟಿಯಾಗಿ ಕೂರಿಸಲು ನನ್ನದೊಂದು ಉಪಾಯ ಇದೆ. ಅದು ಸದ್ಯಕ್ಕೆ ನಮ್ಮ ಲ್ಯಾಬಿನಲ್ಲೇ ಇರಲಿ.

ಕೈ ಕುದುರಿದ ಮೇಲೆ ಸುಮ್ನೆ ಅಂಗಡಿಯ ನುಸಿಗುಳಿಗೆ ಪುಡಿ ಮಾಡಿ ಇಟ್ಟೆ. ನ್ಯಾಫ್ತಲೀನ್ ಆದರೆ 80 ಬರಬೇಕು, 53ಕ್ಕೇ ನೀರಾಯಿತು. ನುಸಿಗುಳಿಗೆಗೆ ಬಳಸುವ ಇನ್ನೊಂದು ರಾಸಾಯನಿಕ, ಪ್ಯಾರಾಡೈಕ್ಲೋರೋಬೆಂಜೀನ್! ಕರ್ಪೂರ ಮಾತ್ರ ಆಟ ಆಡಿಸಿತು. ಕರಗುವ ಮೊದಲೇ ಆವಿಯಾಗಿ ಮೇಲೆ ಅಂಟಿಕೊಳ್ಳುತ್ತದೆ; ಕ್ಯಾಪಿಲರಿಯ ಎರಡೂ ತುದಿ ಮುಚ್ಚಿದ ಮೇಲೆ 175ರ ಹತ್ತಿರ ಸಿಕ್ಕಿತು.

ಎಣ್ಣೆ, ಕ್ಯಾಪಿಲರಿ, ಸ್ಪಿರಿಟ್ ಎಲ್ಲ ಸೇರಿ ಏಳುನೂರರೊಳಗೆ ಮುಗಿಯಿತು. ಬಿಲ್ ಇನ್ನೂ ಪಾಸಾಗಿಲ್ಲ.