ಯಾವ ಮತದವರಾದರೂ ನಾಮಜಪ ಮಾಡುವ ಕ್ರಮ

ಜಪಕ್ಕೆ ಕೂರುವ ಮೊದಲು ನಾಮ ಆರಿಸಿಕೊಳ್ಳಿ. ಅದು ನಿಮ್ಮ ಪರಂಪರೆಯದೇ ಆಗಿರಲಿ. ಯಾವ ಭಕ್ತ ಯಾವ ರೂಪವನ್ನು ಶ್ರದ್ಧೆಯಿಂದ ಪೂಜಿಸಬಯಸುತ್ತಾನೋ ಅವನ ಆ ಶ್ರದ್ಧೆಯನ್ನೇ ಸ್ಥಿರಗೊಳಿಸುತ್ತೇನೆ ಎಂದು ಗೀತೆಯ 7ನೇ ಅಧ್ಯಾಯದ 21ನೇ ಶ್ಲೋಕದಲ್ಲಿ ಕೃಷ್ಣ ಹೇಳುತ್ತಾನೆ. ಹಾಗಾಗಿ ಕ್ರೈಸ್ತರು ಯೇಸುವಿನ ಹೆಸರನ್ನಾಗಲಿ, ಮುಸ್ಲಿಮರು ಅಲ್ಲಾಹನ ನಾಮವನ್ನಾಗಲಿ, ಸಿಖ್ಖರು ವಾಹೆಗುರುವನ್ನಾಗಲಿ ಬಿಡಬೇಕಾಗಿಲ್ಲ.

ಮಾಲೆಯೂ ಅಷ್ಟೇ. ಜಪಮಾಲೆಯಲ್ಲಿ 108 ಮಣಿ, ಮುಸ್ಲಿಮರ ಜಪಮಾಲೆಯಾದ ತಸ್ಬೀಹಿನಲ್ಲಿ 99 ಅಥವಾ 33, ಕ್ರೈಸ್ತರ ಜಪಸರದಲ್ಲಿ ಹತ್ತರಂತೆ ಐದು ಗುಂಪು. ಕೈಗೆ ರೂಢಿಯಾದದ್ದನ್ನೇ ಹಿಡಿಯಿರಿ. 108ರ ಮಾಲೆಯಾದರೆ ಎಣಿಕೆ ಶುರುವಾಗುವಲ್ಲಿರುವ ಬೇರೆ ಮಣಿಯನ್ನು, ಅಂದರೆ ಮೇರುಮಣಿಯನ್ನು, ದಾಟದೆ ಅಲ್ಲಿಂದಲೇ ಹಿಂದಕ್ಕೆ ತಿರುಗಿಸಿ.

ಮೊದಲ 5 ನಿಮಿಷ ಕಿವಿಗೆ ಕೇಳುವಂತೆ ಉಚ್ಚರಿಸಿ, ಇದು ವಾಚಿಕ. ಮುಂದಿನ 5 ನಿಮಿಷ ತುಟಿ ಮಾತ್ರ ಆಡಲಿ, ಇದು ಉಪಾಂಶು. ಆಮೇಲೆ 10 ನಿಮಿಷ ಮನಸ್ಸಿನಲ್ಲೇ, ಅಂದರೆ ಮಾನಸ. ಮೊದಲೇ ಮಾನಸಕ್ಕೆ ಹಾರಿದರೆ ಹಿಡಿದಿಡಲು ದನಿಯೂ ಇಲ್ಲ, ತುಟಿಯ ಚಲನೆಯೂ ಇಲ್ಲ. ಮನಸ್ಸು ಅಲೆಯುತ್ತದೆ, ಇಲ್ಲವೇ ತೂಕಡಿಕೆ ಬರುತ್ತದೆ. ಹಾಗಾದರೆ ಕಣ್ಣು ತೆರೆದು ವಾಚಿಕಕ್ಕೆ ಮರಳಿ.

ಎಣಿಕೆ ಮುಗಿಸುವ ಆತುರದಲ್ಲಿ ಅಕ್ಷರಗಳು ನುಂಗಿಹೋಗುವುದುಂಟು. ಆಗ ಒಂದು ಉಸಿರಿಗೆ ಒಂದೇ ನಾಮ. ಇದಕ್ಕಿಂತ ದೊಡ್ಡ ತೊಡಕೆಂದರೆ, ಎಲ್ಲ ಧರ್ಮಗಳನ್ನೂ ಗೌರವಿಸುವ ಉತ್ಸಾಹದಲ್ಲಿ ದಿನಕ್ಕೊಂದು ನಾಮ ಬದಲಿಸುವುದು. ಖಂಡಿತ ಬೇಡ. ಗೌರವ ಎಲ್ಲದಕ್ಕೂ ಇರಲಿ, ಅಭ್ಯಾಸ ಒಂದಕ್ಕೇ ಇರಲಿ. ಕನಿಷ್ಠ 40 ದಿನವಾದರೂ ನಾಮ ಬದಲಿಸಬೇಡಿ.

ಹಲವು ಮತದವರು ಒಟ್ಟಿಗೆ ಕೂತಾಗ ವಾಚಿಕ ಬಿಟ್ಟುಬಿಡಿ. ಒಬ್ಬರ ದೇವರ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸುವುದು ಸಲ್ಲದು. ಪ್ರತಿಯೊಬ್ಬರೂ ತಮ್ಮ ತಮ್ಮ ನಾಮವನ್ನು ಉಪಾಂಶುವಿನಿಂದಲೇ ಶುರುಮಾಡಲಿ.